ಕೆಂಪು ಧೂಳಿನ ಕೆಳಗೆ ಏನಿದೆ? ಉಲ್ಕಾ ಕುಳಿಯ ಖನಿಜಗಳನ್ನು ಬೆಳಕಿನಲ್ಲಿ ಗುರುತಿಸುವುದು ಹೇಗೆ

ಅದಿರಿನ ಲಾರಿ ಓಡಾಡುವ ಸಂಡೂರಿನ ರಸ್ತೆ ಬದಿಯಲ್ಲಿ ಬೇವಿನ ಮರವೂ ಕೆಂಪಗೇ ಇರುತ್ತದೆ. ಮರ ಕೆಂಪಲ್ಲ, ಮೇಲೆ ಕೂತ ಧೂಳು ಕೆಂಪು ಅಂತ ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಮಂಗಳ ಗ್ರಹದಲ್ಲೂ ಇದೇ ಕತೆ. ದೂರದಿಂದ ಎಲ್ಲವೂ ಕೆಂಪು. ಆ ಧೂಳಿನ ಕೆಳಗೆ ಇರುವುದು ಬಸಾಲ್ಟೋ, ಜೇಡಿಯೋ, ಸುಣ್ಣದ ಕಲ್ಲೋ ಅಂತ ಬರೀ ಬಣ್ಣ ನೋಡಿ ಹೇಳಲು ಬರುವುದಿಲ್ಲ. ಅದಕ್ಕೆ ಬೆಳಕನ್ನು ಬಿಡಿಸಿ ನೋಡಬೇಕು. ಇದೇ ಸ್ಪೆಕ್ಟ್ರೋಸ್ಕೋಪಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಿ.ಎಸ್ಸಿ ಓದುತ್ತಿರುವವರು, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಇಲ್ಲವೇ ಮನೆಯಲ್ಲೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಚಂದ್ರ, ಮಂಗಳದ ಹುಚ್ಚು ಹಿಡಿಸಿಕೊಂಡವರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಹೆಚ್ಚೇನೂ ಬೇಡ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ: ಸ್ಪೆಕ್ಟ್ರಂ (ಬಿಡಿಸಿದ ಬೆಳಕಿನ ಗ್ರಾಫ್) ನೋಡಿದರೆ ಖನಿಜ ಯಾವುದು ಅಂತ ಗೊತ್ತಾಗುತ್ತದೆ, ಆ ಖನಿಜ ಅಲ್ಲಿಗೆ ಹೇಗೆ ಬಂತು ಅಂತ ಗೊತ್ತಾಗುವುದಿಲ್ಲ. ಅದು ತಿಳಿಯಬೇಕಾದರೆ ಕುಳಿಯ ಯಾವ ಜಾಗವನ್ನು ನೋಡುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು. ಹೊಸಬರು ಗ್ರಾಫ್‌ನಲ್ಲೇ ಮುಳುಗಿ ನಕ್ಷೆಯನ್ನು ಮರೆಯುತ್ತಾರೆ.

ಕುಳಿಯೇ ಯಾಕೆ?

ರಾಯಚೂರು ಕಡೆ ಬೋರ್ ಹೊಡೆಸುವಾಗ ಲಾರಿ ಪಕ್ಕ ಬೀಳುವ ಪುಡಿಯನ್ನು ಎಲ್ಲರೂ ಬಗ್ಗಿ ನೋಡುತ್ತಾರೆ. ಮೊದಲು ಎರೆಮಣ್ಣು, ಆಮೇಲೆ ಗರಸು, ಆಮೇಲೆ ಬೂದು ಬಣ್ಣದ ಕಲ್ಲುಪುಡಿ. ಉಲ್ಕೆ ಅಪ್ಪಳಿಸಿ ಆದ ಕುಳಿ ಅಂದರೆ ಗ್ರಹಕ್ಕೆ ಪುಕ್ಕಟೆಯಾಗಿ ಹೊಡೆದ ಬೋರ್. ನಾವು ಯಂತ್ರ ಕಳಿಸಿ ಒಂದೆರಡು ಮೀಟರ್ ಕೊರೆಯುವುದಕ್ಕೇ ಒದ್ದಾಡುತ್ತೇವೆ, ಕುಳಿಯಾದರೋ ಕಿಲೋಮೀಟರ್‌ಗಟ್ಟಲೆ ಆಳದ ಕಲ್ಲನ್ನು ಮೇಲೆ ತಂದು ಹರಡಿಬಿಟ್ಟಿರುತ್ತದೆ.

ಎಷ್ಟು ಆಳದಿಂದ? ಹೊಡೆತ ಬಿದ್ದ ಗಳಿಗೆಯಲ್ಲಿ ಒಂದು ಕುಳಿ ತೆರೆದುಕೊಳ್ಳುತ್ತದಲ್ಲ, ಅದರ ಅಗಲದ ಸುಮಾರು ಹತ್ತನೇ ಒಂದು ಭಾಗದಷ್ಟು ಆಳದವರೆಗಿನ ಕಲ್ಲು ಹೊರಗೆ ಚಿಮ್ಮುತ್ತದೆ ಅಂತ ಅಂದಾಜು. ಚಿಮ್ಮಿದ್ದು ಬೀಳುವುದೂ ತಲೆಕೆಳಗಾಗಿಯೇ. ಅಂಚಿನ ಹತ್ತಿರ ಪದರಗಳು ಮಗುಚಿಕೊಂಡು, ಆಳದ ಕಲ್ಲು ಮೇಲೆ, ಮೇಲಿನ ಕಲ್ಲು ಕೆಳಗೆ ಆಗಿರುತ್ತವೆ. ದೊಡ್ಡ ಕುಳಿಗಳಲ್ಲಿ ಇನ್ನೊಂದು ಅನುಕೂಲ ಇದೆ. ನೆಲ ಮತ್ತೆ ಮೇಲಕ್ಕೆ ಪುಟಿದು ನಡುವೆ ಒಂದು ಗುಡ್ಡ ಏಳುತ್ತದೆ. ಆ ನಡುಗುಡ್ಡದ ಕಲ್ಲು ಕುಳಿಯೊಳಗಿನ ಬೇರೆ ಎಲ್ಲ ಕಲ್ಲಿಗಿಂತ ಆಳದ್ದು. ಚಂದ್ರನಲ್ಲಿ ಸುಮಾರು 15ರಿಂದ 20 ಕಿ.ಮೀ. ಅಗಲ ದಾಟಿದ ಕುಳಿಗಳಲ್ಲಿ ಇದು ಕಾಣಿಸುತ್ತದೆ. ಭೂಮಿಯಲ್ಲಿ ಗುರುತ್ವ ಜಾಸ್ತಿ, ಹಾಗಾಗಿ 2ರಿಂದ 4 ಕಿ.ಮೀ. ಇದ್ದರೂ ಸಾಕು.

ಇಲ್ಲಿಂದಲೇ ಮೂರು ಪ್ರಶ್ನೆ ಹುಟ್ಟುತ್ತವೆ. ನೀವು ಕಂಡ ಖನಿಜ ಮೊದಲೇ ನೆಲದೊಳಗಿದ್ದು, ಕುಳಿ ಅದನ್ನು ಅಗೆದು ತೆಗೆಯಿತೋ? ಹೊಡೆತದ ಶಾಖ, ಒತ್ತಡ, ಬಿಸಿನೀರಿನಿಂದ ಕುಳಿಯಲ್ಲೇ ಹೊಸದಾಗಿ ಹುಟ್ಟಿತೋ? ಇಲ್ಲಾ ಎಷ್ಟೋ ಕಾಲದ ಮೇಲೆ ನದಿ, ಗಾಳಿ ತಂದು ಸುರಿದದ್ದೋ? ಮೂರರ ಸ್ಪೆಕ್ಟ್ರಮ್ಮೂ ಒಂದೇ ಥರ ಇರಬಹುದು.

ತಗ್ಗುಗಳನ್ನು ಓದುವುದು

ಖನಿಜದ ಮೇಲೆ ಬೆಳಕು ಬಿದ್ದಾಗ ಕೆಲವು ತರಂಗಾಂತರಗಳನ್ನು ಅದು ನುಂಗಿಕೊಳ್ಳುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ವಾಪಸ್ ಬಂದ ಬೆಳಕಿನ ಗ್ರಾಫ್ ಹಾಕಿದರೆ ನುಂಗಿದ ಕಡೆ ತಗ್ಗು ಬೀಳುತ್ತದೆ. ಆ ತಗ್ಗು ಎಲ್ಲಿದೆ, ಎಷ್ಟು ಅಗಲ, ಜೊತೆಗೆ ಇನ್ನೆಲ್ಲಿ ತಗ್ಗಿದೆ ಅನ್ನುವುದೇ ಖನಿಜದ ಗುರುತು. ಗ್ರಾಫ್ ಒಟ್ಟಾರೆ ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ ಅಷ್ಟು ಬೆಲೆ ಕೊಡಬೇಡಿ. ನೆರಳು, ಇಳಿಜಾರು, ಕಣದ ಗಾತ್ರ, ಇವೆಲ್ಲ ಅದನ್ನು ಏರಿಸಿ ಇಳಿಸುತ್ತವೆ.

ಚಂದ್ರನಿಗೆ ಬೇಕಾದ ಪಾಠ ಚಿಕ್ಕದು. 1 ಮೈಕ್ರಾನ್ (ಅಂದರೆ 1000 ನ್ಯಾನೊಮೀಟರ್) ಹತ್ತಿರ ಅಗಲವಾದ ತಗ್ಗು ಇದ್ದು 2 ಮೈಕ್ರಾನ್ ಹತ್ತಿರ ಏನೂ ಇಲ್ಲದಿದ್ದರೆ ಆಲಿವಿನ್. ಎರಡೂ ಕಡೆ ಇದ್ದರೆ ಪೈರಾಕ್ಸೀನ್. ಅದರಲ್ಲೂ ತಗ್ಗುಗಳು 0.9 ಮತ್ತು 1.9ರ ಹತ್ತಿರ ಇದ್ದರೆ ಕ್ಯಾಲ್ಸಿಯಂ ಕಡಿಮೆ ಇರುವ ಬಗೆ, 1.0 ಮತ್ತು 2.2ರ ಕಡೆಗೆ ಸರಿದಿದ್ದರೆ ಕ್ಯಾಲ್ಸಿಯಂ ಜಾಸ್ತಿ ಇರುವ ಬಗೆ. 2ರ ಹತ್ತಿರ ಮಾತ್ರ ಇದ್ದು 1ರಲ್ಲಿ ಇಲ್ಲದಿದ್ದರೆ ಸ್ಪಿನೆಲ್. 1.25ರಲ್ಲಿ ತೆಳುವಾದ ತಗ್ಗು ಕಂಡರೆ ಹರಳು ಕೆಡದೆ ಉಳಿದ ಪ್ಲೇಜಿಯೋಕ್ಲೇಸ್, ಅಂದರೆ ಚಂದ್ರನ ಬಿಳಿ ಕಲ್ಲಿನ ಖನಿಜ.

ಹೊಡೆತದ ಗುರುತು ಸಿಗುವುದು ಈ ಕೊನೆಯದರಲ್ಲೇ. ಪ್ಲೇಜಿಯೋಕ್ಲೇಸ್ ಮೇಲೆ ಸುಮಾರು 30 ಗಿಗಾಪಾಸ್ಕಲ್ ಆಸುಪಾಸಿನ ಒತ್ತಡ ಬಿದ್ದರೆ ಅದು ಕರಗದೆಯೇ ಗಾಜಿನಂಥ ಮ್ಯಾಸ್ಕೆಲಿನೈಟ್ ಆಗುತ್ತದೆ, 1.25ರ ತಗ್ಗು ಮಾಯವಾಗುತ್ತದೆ. ಆದ್ದರಿಂದ ಕುಳಿಯ ಬಿಳಿ ಕಲ್ಲಿನಲ್ಲಿ ಯಾವ ತಗ್ಗೂ ಕಾಣಲಿಲ್ಲ ಅಂದಾಕ್ಷಣ 'ಏನೂ ಇಲ್ಲ' ಅಂತ ಬರೆದು ಮುಂದೆ ಹೋಗಬೇಡಿ. ಆ ಖಾಲಿ ಗೆರೆಯೂ ಒಂದು ಸುಳಿವು ಆಗಿರಬಹುದು.

ಮಂಗಳದ ಪಾಠ ಸ್ವಲ್ಪ ಉದ್ದ, ಯಾಕೆಂದರೆ ಅಲ್ಲಿ ನೀರು ಹರಿದಿದೆ. 1.4 ಮತ್ತು 1.9 ಮೈಕ್ರಾನ್‌ನಲ್ಲಿ ತಗ್ಗು ಅಂದರೆ ಖನಿಜದೊಳಗೆ ನೀರು ಅಥವಾ ಹೈಡ್ರಾಕ್ಸಿಲ್. ಜೊತೆಗೆ 2.21ರಲ್ಲಿ ತಗ್ಗು ಇದ್ದರೆ ಅಲ್ಯೂಮಿನಿಯಂ ಇರುವ ಜೇಡಿ, 2.29 ಆದರೆ ಕಬ್ಬಿಣದ್ದು, 2.31 ಆದರೆ ಮೆಗ್ನೀಸಿಯಂನದು. ಕಾರ್ಬೊನೇಟ್ (ಸುಣ್ಣದ ಕಲ್ಲಿನ ಜಾತಿಯ ಖನಿಜ) ಕೂಡ 2.31ರಿಂದ 2.34ರ ನಡುವೆಯೇ ತಗ್ಗು ತೋರಿಸುತ್ತದೆ. ಹಾಗಾದರೆ ಜೇಡಿಯೋ ಕಾರ್ಬೊನೇಟೋ? ಕಾರ್ಬೊನೇಟ್‌ಗೆ 2.5ರ ಹತ್ತಿರ ಇನ್ನೊಂದು ತಗ್ಗು ಜೋಡಿಯಾಗಿ ಇರಬೇಕು. ಆ ಜೋಡಿ ಸಿಗದೆ ಕಾರ್ಬೊನೇಟ್ ಅಂತ ಘೋಷಿಸಬೇಡಿ.

ಮೊದಲು ಊರಿನ ಕಲ್ಲಿನ ಮೇಲೆ ಕೈ ಪಳಗಿಸಿ

ಉಪಗ್ರಹದ ಡೇಟಾಗೆ ನೇರವಾಗಿ ಹಾರಬೇಡಿ. ಈ ಮೂರು ಜಿಲ್ಲೆಯಲ್ಲಿ ಸಿಗುವ ಕಲ್ಲು ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್. ರಾಯಚೂರಿನ ಎರೆಮಣ್ಣಿನಲ್ಲಿರುವುದು ಸ್ಮೆಕ್ಟೈಟ್ ಜೇಡಿ, ಮಂಗಳದಲ್ಲಿ ವಿಜ್ಞಾನಿಗಳು ಹುಡುಕುವ ಜೇಡಿಯ ಸೋದರಸಂಬಂಧಿ. ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ಇದೆ. ಹಳೆ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು, ಅಂದರೆ ಕಾರ್ಬೊನೇಟ್. ಹಟ್ಟಿ ಸುತ್ತಲಿನ ಕಪ್ಪು ಹಸಿರು ಕಲ್ಲು ಹಳೆಯ ಲಾವಾ, ಒತ್ತಡಕ್ಕೆ ಸಿಕ್ಕಿ ಕ್ಲೋರೈಟ್, ಆಂಫಿಬೋಲ್ ತುಂಬಿಕೊಂಡಿದೆ. ಒಂದು ಸಲಹೆ: ಅದಿರಿನ ತುಂಡನ್ನು ಕಾಲೇಜಿನ ಲ್ಯಾಬಿನಿಂದಲೇ ಕೇಳಿ ತಂದುಕೊಳ್ಳಿ. ಗಣಿಯೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಅದಿರು ಅಂದರೆ ಪರ್ಮಿಟ್ ಎಲ್ಲಿ ಅಂತ ಕೇಳುವ ಊರು ನಮ್ಮದು.

ಉಪಕರಣಕ್ಕೆ ಒಂದು ಹಳೆಯ ಡಿವಿಡಿ, ರಟ್ಟಿನ ಡಬ್ಬ, ವೆಬ್‌ಕ್ಯಾಮ್ ಸಾಕು. ಡಿವಿಡಿಯ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಸಿಡಿಯದು 1.6. ಡಿವಿಡಿ ಬೆಳಕನ್ನು ಜಾಸ್ತಿ ಹರಡುತ್ತದೆ, ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿಗೆ ಅದೇ ಒಳ್ಳೆಯದು. ಡಬ್ಬದ ಒಂದು ಕಡೆ ಎರಡು ಬ್ಲೇಡ್ ಎದುರುಬದುರು ಅಂಟಿಸಿ ಕೂದಲೆಳೆಯಷ್ಟು ಸೀಳು ಬಿಡಿ, ಇನ್ನೊಂದು ಕಡೆ ಪದರ ಬಿಡಿಸಿದ ಡಿವಿಡಿ ತುಂಡನ್ನು ಓರೆಯಾಗಿ ಇಟ್ಟು ಅದರ ಹಿಂದೆ ಕ್ಯಾಮೆರಾ ಕೂರಿಸಿ, ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್, ಆಟೋ ವೈಟ್ ಬ್ಯಾಲೆನ್ಸ್ ಎರಡನ್ನೂ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಪ್ರತಿ ಫೋಟೋಗೂ ಕ್ಯಾಮೆರಾ ತನಗೆ ತೋಚಿದ ಹಾಗೆ ಬೆಳಕು ಬದಲಿಸುತ್ತದೆ, ನಿಮ್ಮ ಅಳತೆ ನೀರಿಗೆ ಹೋದಂತೆ.

ಯಾವ ಪಿಕ್ಸೆಲ್ ಯಾವ ತರಂಗಾಂತರ ಅಂತ ಗುರುತು ಹಾಕಲು ಹಳೆ ಸಿಎಫ್‌ಎಲ್ ಬಲ್ಬು ಹುಡುಕಿ. ಅದರಲ್ಲಿ ಪಾದರಸದ ಗೆರೆಗಳು 435.8 ಮತ್ತು 546.1 ನ್ಯಾನೊಮೀಟರ್‌ನಲ್ಲಿ ಎದ್ದು ಕಾಣುತ್ತವೆ. ಆ ಎರಡು ಗೆರೆ ಸಿಕ್ಕರೆ ಉಳಿದದ್ದು ಸರಳ ಲೆಕ್ಕ. ಸರಿ ಬಂತಾ ಅಂತ ನೋಡಲು ಡಬ್ಬವನ್ನು ಬಿಸಿಲು ಬಿದ್ದ ಬಿಳಿ ಕಾಗದದ ಕಡೆ ತಿರುಗಿಸಿ (ನೇರ ಸೂರ್ಯನ ಕಡೆ ಬೇಡ). ಸೂರ್ಯನ ಬೆಳಕಿನ ಕಪ್ಪು ಗೆರೆಗಳು 486, 517, 589, 656ರ ಜಾಗದಲ್ಲೇ ಬರಬೇಕು.

ಕಲ್ಲನ್ನು ಅಳೆಯುವಾಗ ಬೆಳಕು ಮುಖ್ಯ. ಬಿಳಿ ಎಲ್‌ಇಡಿ ಬೇಡ, ಅದಕ್ಕೆ 450ರ ಹತ್ತಿರ ತನ್ನದೇ ದಿಬ್ಬ, 480ರ ಹತ್ತಿರ ತನ್ನದೇ ತಗ್ಗು ಇದೆ. ಹ್ಯಾಲೊಜನ್ ಬಲ್ಬು, ಇಲ್ಲವಾದರೆ ಬಳ್ಳಾರಿ ಬಿಸಿಲು. ಬಿಸಿಲಿಗೇನು ಬರವೇ? ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಮುಗಿಸಿ, ಮೋಡ ಸರಿದಾಡುವ ದಿನ ಕೈಬಿಡಿ. ಹೋಲಿಕೆಗೆ ಒಂದು ಬಿಳಿ ವಸ್ತು ಬೇಕು. ದೊಡ್ಡ ಲ್ಯಾಬಿನವರು ಬಳಸುವ ದುಬಾರಿ ಬಿಳಿ ಬಿಲ್ಲೆ ಏನು ಗೊತ್ತಾ? ಪಿಟಿಎಫ್‌ಇ, ಅಂದರೆ ಟೆಫ್ಲಾನ್. ಪ್ಲಂಬರ್ ನಲ್ಲಿಗೆ ಸುತ್ತುವ ಬಿಳಿ ಟೇಪ್ ಅದೇ ವಸ್ತು. ಅದನ್ನು ಹತ್ತಾರು ಸುತ್ತು ಒಂದರ ಮೇಲೊಂದು ದಪ್ಪಗೆ ಸುತ್ತಿ ಇಟ್ಟುಕೊಳ್ಳಿ, ಮನೆಯ ಮಟ್ಟಿಗೆ ಚೆನ್ನಾಗಿಯೇ ಆಗುತ್ತದೆ.

ಈಗ ಮೂರು ಫೋಟೋ: ಕಲ್ಲಿನದು, ಬಿಳಿ ಟೇಪಿನದು, ಸೀಳು ಮುಚ್ಚಿ ತೆಗೆದ ಕತ್ತಲಿನದು. ಕಲ್ಲಿನಿಂದ ಕತ್ತಲನ್ನು ಕಳೆಯಿರಿ, ಬಿಳಿಯಿಂದಲೂ ಕತ್ತಲನ್ನು ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದು ಪ್ರತಿಫಲನ. ಚಂದ್ರನ ಉಪಗ್ರಹದಲ್ಲೂ ತತ್ವ ಇದೇ, ಬಿಳಿ ಟೇಪಿನ ಬದಲು ಸೂರ್ಯನ ಬೆಳಕಿನ ಲೆಕ್ಕ ಇರುತ್ತದೆ ಅಷ್ಟೇ.

ಹೆಮಟೈಟ್ ಮೇಲೆ ಒಂದು ಪ್ರಯೋಗವನ್ನು ತಪ್ಪದೆ ಮಾಡಿ. ಗಟ್ಟಿ ಅದಿರಿನ ತುಂಡು ಉಕ್ಕಿನ ಥರ ಬೂದು ಕಪ್ಪು ಬಣ್ಣದಲ್ಲಿ ಮಿನುಗುತ್ತದೆ. ಅದರ ಸ್ಪೆಕ್ಟ್ರಂ ತೆಗೆಯಿರಿ, ಹೆಚ್ಚುಕಡಿಮೆ ಚಪ್ಪಟೆ ಗೆರೆ ಬರುತ್ತದೆ. ಅದೇ ತುಂಡನ್ನು ಟೈಲ್ಸಿನ ಹಿಂಭಾಗದ ಒರಟು ಕಡೆ ಉಜ್ಜಿ. ಕೆಂಪು ಗೆರೆ ಮೂಡುತ್ತದೆ. ಆ ಕೆಂಪು ಪುಡಿಯ ಸ್ಪೆಕ್ಟ್ರಂ ತೆಗೆದರೆ 550ರ ಕೆಳಗೆ ಕತ್ತಲು, ಅಲ್ಲಿಂದ 600 ದಾಟುವವರೆಗೆ ಗೋಡೆಯ ಹಾಗೆ ಏರು. ಖನಿಜ ಒಂದೇ, ಕಣದ ಗಾತ್ರ ಬೇರೆ, ಗ್ರಾಫ್ ಪೂರ್ತಿ ಬೇರೆ. ಇದು ಬರೀ ಆಟದ ಪ್ರಯೋಗ ಅಲ್ಲ. ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಇದ್ದದ್ದು ಇಂಥ ಬೂದು, ದಪ್ಪ ಕಣದ ಹೆಮಟೈಟೇ. ಅದನ್ನು ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಕಕ್ಷೆಯಿಂದ ಶಾಖದ ಅವಗೆಂಪು ಕಿರಣದಲ್ಲಿ ಹಿಡಿಯಿತು. ಅದನ್ನು ನಂಬಿ ಆಪರ್ಚುನಿಟಿ ರೋವರ್ ಅನ್ನು ಅಲ್ಲಿಗೆ ಕಳಿಸಿದರು. 2004ರ ಜನವರಿಯಲ್ಲಿ ಅದು ಇಳಿದದ್ದೂ ಸುಮಾರು 22 ಮೀಟರ್ ಅಗಲದ ಈಗಲ್ ಅನ್ನುವ ಪುಟ್ಟ ಕುಳಿಯೊಳಗೇ. ಕುಳಿಯ ಗೋಡೆಯಲ್ಲಿ ಪದರ ಪದರ ಕಲ್ಲು, ನೆಲದ ತುಂಬ ಹೆಮಟೈಟ್ ಗುಂಡುಗಳು, ಜೊತೆಗೆ ನೀರಿಲ್ಲದೆ ಆಗದ ಜರೋಸೈಟ್ ಖನಿಜ.

ವೆಬ್‌ಕ್ಯಾಮಿಗೆ ಮಿತಿ ಇದೆ. ಶಾಲೆಯ ಸೀಮೆಸುಣ್ಣ, ಅಡುಗೆ ಉಪ್ಪು, ಟೆಫ್ಲಾನ್ ಟೇಪ್, ಮೂರನ್ನೂ ಅದರಲ್ಲಿ ಅಳೆಯಿರಿ. ಮೂರೂ ಒಂದೇ ಬಿಳಿ ಗೆರೆ. ಸೀಮೆಸುಣ್ಣದಲ್ಲಿರುವ ಜಿಪ್ಸಂನ ನೀರಿನ ತಗ್ಗುಗಳು ಇರುವುದು 1.4, 1.75, 1.94 ಮೈಕ್ರಾನ್‌ನಲ್ಲಿ, ನಿಮ್ಮ ಕ್ಯಾಮೆರಾ ಕುರುಡಾಗುವುದು 0.7ಕ್ಕೇ. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಎಎಸ್7265ಎಕ್ಸ್ ಅನ್ನುವ ಸೆನ್ಸರ್ ತರಿಸಿ ಆರ್ಡುಯಿನೊ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಸೇರಿಸಿ. 410ರಿಂದ 940 ನ್ಯಾನೊಮೀಟರ್‌ವರೆಗೆ 18 ಚಾನೆಲ್ ಇವೆ, ಅದರಲ್ಲಿ 810, 860, 900, 940 ಕೂಡ ಇವೆ. ಹೆಮಟೈಟಿನ ಎರಡನೇ ತಗ್ಗು 860ರ ಹತ್ತಿರ, ಗೋಯಥೈಟ್ ಅನ್ನುವ ಹಳದಿ ಕಂದು ಕಬ್ಬಿಣದ ಖನಿಜದ್ದು 900 ದಾಟಿ. ಮಸಾರಿ ಮಣ್ಣಿನ ಕೆಂಪು ಮತ್ತು ಹಳದಿ ಬಗೆಗಳನ್ನು ಚೆನ್ನಾಗಿ ಒಣಗಿಸಿ, ಜರಡಿ ಹಿಡಿದು, ಈ ನಾಲ್ಕು ಚಾನೆಲ್ ಹೋಲಿಸಿ ನೋಡಿ. ಅದೃಷ್ಟ ಚೆನ್ನಾಗಿದ್ದರೆ ಯಾವುದರಲ್ಲಿ ಹೆಮಟೈಟ್ ಮೇಲುಗೈ ಅನ್ನುವುದು ಗೊತ್ತಾಗುತ್ತದೆ. ವೆಬ್‌ಕ್ಯಾಮಿನ ಅವಗೆಂಪು ತಡೆ ಗಾಜನ್ನು ಕಿತ್ತು ಹಾಕಿಯೂ ಅಲ್ಲಿಗೆ ಹೋಗಬಹುದು. ಆದರೆ ಆಗ 400–500ರ ನೀಲಿ ಬೆಳಕಿನ ಎರಡನೇ ನೆರಳು 800–1000ರ ಮೇಲೆ ಬಂದು ಕೂರುತ್ತದೆ, ಅದನ್ನು ತಡೆಯಲು ಕಡುಗೆಂಪು ಫಿಲ್ಟರ್ ಹಾಕಬೇಕು, ಡಿವಿಡಿ ಬದಲು ಸಿಡಿ ತುಂಡು ಬಳಸಿದರೆ ಸಲೀಸು.

1ರಿಂದ 2.5 ಮೈಕ್ರಾನ್‌ವರೆಗೆ ಬೇಕಾದರೆ ಮಾತ್ರ 350ರಿಂದ 2500 ನ್ಯಾನೊಮೀಟರ್ ಅಳೆಯುವ ಫೀಲ್ಡ್ ಸ್ಪೆಕ್ಟ್ರೋರೇಡಿಯೊಮೀಟರ್ ಇರುವ ಜಾಗಕ್ಕೇ ಹೋಗಬೇಕು. ಭೂವಿಜ್ಞಾನ ವಿಭಾಗ, ಕೃಷಿ ಸಂಶೋಧನೆಯ ಮಣ್ಣಿನ ಲ್ಯಾಬ್, ರಿಮೋಟ್ ಸೆನ್ಸಿಂಗ್ ಕೇಂದ್ರ, ಇಂಥ ಕಡೆ ಮೇಷ್ಟ್ರ ಮೂಲಕ ಒಂದು ಪತ್ರ ಬರೆಸಿ ಕೇಳಿ. ಹೋಗುವಾಗ ಎರೆಮಣ್ಣು, ಶಹಾಬಾದ್ ಕಲ್ಲು, ಸೀಮೆಸುಣ್ಣ, ಹಟ್ಟಿ ಕಡೆಯ ಕಲ್ಲು ತಗೊಂಡು ಹೋಗಿ. ಕಲ್ಲಿನ ಹೊಸದಾಗಿ ಒಡೆದ ಮುಖ ಮತ್ತು ಧೂಳು ಕೂತ ಹಳೆ ಮುಖ ಎರಡನ್ನೂ ಅಳೆಯಿರಿ. ಧೂಳಿನ ಮುಖದಲ್ಲಿ ಕಬ್ಬಿಣದ ಏರು ಮಾತ್ರ ಕಾಣಿಸಿ ಒಳಗಿನ ತಗ್ಗು ಎಷ್ಟು ತೆಳುವಾಗುತ್ತದೆ ಅಂತ ನೋಡಿದರೆ, ರೋವರ್‌ಗಳಲ್ಲಿ ಧೂಳು ಊದುವ, ಕಲ್ಲು ಉಜ್ಜುವ ಉಪಕರಣ ಯಾಕೆ ಇಟ್ಟಿರುತ್ತಾರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಳತೆಯನ್ನು ಯಂತ್ರದ ಸ್ವಂತ ದೀಪದಲ್ಲೇ ಮಾಡಿಸಿ. ಹೊರಗಿನ ಬಿಸಿಲಿನಲ್ಲಿ 1.4 ಮತ್ತು 1.9ರ ಬೆಳಕನ್ನು ಗಾಳಿಯ ತೇವವೇ ನುಂಗಿರುತ್ತದೆ, ನಮಗೆ ಬೇಕಾದ ಜಾಗವೇ ಅದು!

ತಗ್ಗನ್ನು ಅಳೆಯುವ ಲೆಕ್ಕ

ತಗ್ಗಿನ ಎರಡು ದಡಗಳ ನಡುವೆ ನೇರ ಗೆರೆ ಎಳೆದು, ಗ್ರಾಫನ್ನು ಆ ಗೆರೆಯಿಂದ ಭಾಗಿಸುವುದು. ಇಷ್ಟೇ. ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳಿ: 2.12 ಮೈಕ್ರಾನ್‌ನಲ್ಲಿ ಪ್ರತಿಫಲನ 0.40, 2.26ರಲ್ಲಿ 0.38, ನಡುವೆ 2.21ರಲ್ಲಿ 0.33. ದಡದಿಂದ ದಡಕ್ಕೆ ಎಳೆದ ಗೆರೆ 2.21ರಲ್ಲಿ ಸುಮಾರು 0.387ಕ್ಕೆ ಬರುತ್ತದೆ. 0.33 ಅನ್ನು 0.387ರಿಂದ ಭಾಗಿಸಿ, 1ರಿಂದ ಕಳೆದರೆ 0.147, ಅಂದರೆ ತಗ್ಗಿನ ಆಳ ಸುಮಾರು ಶೇ. 15. ಆಳ ಜಾಸ್ತಿ ಇದ್ದರೆ ಖನಿಜ ಜಾಸ್ತಿ ಅಂತ ಮಾತ್ರ ತಿಳಿಯಬೇಡಿ. ಎರೆಮಣ್ಣಿನಲ್ಲಿ ಜೇಡಿ ಭರ್ತಿ ಇರುತ್ತದೆ, ಆದರೂ ಕಪ್ಪು ಅಂಶ ಬೆಳಕನ್ನು ನುಂಗಿ ತಗ್ಗನ್ನು ಚಿಕ್ಕದು ಮಾಡಿ ತೋರಿಸುತ್ತದೆ. ತಗ್ಗಿನ ಜಾಗವನ್ನು ನಂಬಿ, ಆಳವನ್ನು ಅನುಮಾನದಿಂದ ನೋಡಿ.

ಹೋಲಿಸಲು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಸ್ಪೆಕ್ಟ್ರಲ್ ಲೈಬ್ರರಿಯ ಏಳನೇ ಆವೃತ್ತಿ (2017) ಪುಕ್ಕಟೆ ಸಿಗುತ್ತದೆ. ಬ್ರೌನ್ ವಿಶ್ವವಿದ್ಯಾಲಯದ ರಿಲ್ಯಾಬ್ ಸಂಗ್ರಹದಲ್ಲಿ ಚಂದ್ರನ ಕಲ್ಲು, ಉಲ್ಕೆಗಳ ಅಳತೆಯೂ ಇವೆ. ಒಂದೇ ಖನಿಜಕ್ಕೆ ಹಲವು ಕಣದ ಗಾತ್ರದ ಗ್ರಾಫ್ ಇದ್ದರೆ ಎಲ್ಲವನ್ನೂ ಇಳಿಸಿಕೊಳ್ಳಿ. ಹೆಮಟೈಟ್ ಪ್ರಯೋಗ ಮಾಡಿದವರಿಗೆ ಕಾರಣ ಗೊತ್ತಲ್ವಾ.

ಈಗ ಚಂದ್ರನಿಗೆ

ಮೊದಲ ಕುಳಿಗೆ ನನ್ನ ಆಯ್ಕೆ ಕೋಪರ್ನಿಕಸ್. ಅಗಲ 93 ಕಿ.ಮೀ., ಸಣ್ಣ ಟೆಲಿಸ್ಕೋಪಿಗೂ ಕಾಣುತ್ತದೆ, ಅದರ ನಡುಗುಡ್ಡದಲ್ಲಿ ಆಲಿವಿನ್ ಇದೆ ಅಂತ ವಿಜ್ಞಾನಿ ಕಾರ್ಲೆ ಪೀಟರ್ಸ್ 1982ರಲ್ಲೇ ಭೂಮಿಯ ಟೆಲಿಸ್ಕೋಪಿನಿಂದ ತೋರಿಸಿದ್ದರು. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಮಾಡಿ ನೋಡುವುದು ಕಲಿಯುವವರಿಗೆ ಬಹಳ ಒಳ್ಳೆಯದು.

ಡೇಟಾ ಎರಡು ಕಡೆ ಸಿಗುತ್ತದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ನಾಸಾದ ಮೂನ್ ಮಿನರಾಲಜಿ ಮ್ಯಾಪರ್ ಇತ್ತು, 0.43ರಿಂದ 3 ಮೈಕ್ರಾನ್‌ವರೆಗೆ 85 ಚಾನೆಲ್‌ನಲ್ಲಿ ಚಂದ್ರನನ್ನು ಅಳೆಯಿತು. ಅಲ್ಲಿ ನೀರು, ಹೈಡ್ರಾಕ್ಸಿಲ್ ಇದೆ ಅಂತ 2009ರಲ್ಲಿ ಗೊತ್ತಾದದ್ದು ಇದರಿಂದಲೇ. ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಂನಲ್ಲಿ ಆರ್ಬಿಟಲ್ ಡೇಟಾ ಎಕ್ಸ್‌ಪ್ಲೋರರ್ ತೆರೆದು ಕುಳಿಯ ಮೇಲೆ ಚೌಕ ಎಳೆದರೆ ಪಟ್ಟಿ ಪಟ್ಟಿಯಾಗಿ ಫೈಲ್ ಸಿಗುತ್ತವೆ. ಲೆವೆಲ್ 2 ಅಂತ ಇರುವುದನ್ನೇ ಇಳಿಸಿ, ಅದರಲ್ಲಿ ಪ್ರತಿಫಲನದ ಲೆಕ್ಕವೂ ಶಾಖದ ತಿದ್ದುಪಡಿಯೂ ಆಗಿರುತ್ತವೆ. ಎರಡನೆಯದು ಚಂದ್ರಯಾನ-2ರ ಐಐಆರ್‌ಎಸ್ ಅನ್ನುವ ಅವಗೆಂಪು ಸ್ಪೆಕ್ಟ್ರೋಮೀಟರ್, 0.8ರಿಂದ 5 ಮೈಕ್ರಾನ್‌ವರೆಗೆ. ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತದೆ. ಬ್ಯಾಲಾಳುವಿನಲ್ಲಿ, ನಮ್ಮ ರಾಜ್ಯದಲ್ಲೇ ಕೂತಿರುವ ಡೇಟಾ! ಫೈಲ್‌ಗಳು ದೊಡ್ಡವು, ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕೂತರೆ ದಿನದ ಡೇಟಾ ಖಾಲಿ. ಕಾಲೇಜಿನ ವೈಫೈ ಬಳಸಿ.

ತೆರೆಯಲು ದುಬಾರಿ ಸಾಫ್ಟ್‌ವೇರ್ ಬೇಡ. ಪೈಥಾನ್‌ನಲ್ಲಿ ಸ್ಪೆಕ್ಟ್ರಲ್ ಪೈಥಾನ್ ಅನ್ನುವ ಪ್ಯಾಕೇಜ್ ಇದೆ. ನಕ್ಷೆ ನೋಡಲು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಮಾರ್ಸ್, ಅದೂ ಪುಕ್ಕಟೆ. ನಡುಗುಡ್ಡದಿಂದ, ಗೋಡೆಯಿಂದ, ಅಂಚಿನಿಂದ, ಹೊರಗೆ ಚೆಲ್ಲಿದ ಕಲ್ಲಿನಿಂದ ಒಂದೊಂದು ಕಡೆ 3×3 ಪಿಕ್ಸೆಲ್ ಸರಾಸರಿ ತೆಗೆದು ಗ್ರಾಫ್ ಹಾಕಿ. ಜಾಗ ಆರಿಸುವಾಗ ಹಳೆ ಚಪ್ಪಟೆ ನೆಲ ಬಿಡಿ. ಸೌರಗಾಳಿ, ಸಣ್ಣ ಉಲ್ಕೆಗಳ ಹೊಡೆತಕ್ಕೆ ಚಂದ್ರನ ಮಣ್ಣಿನ ಕಣಗಳ ಮೇಲೆ ಅತಿ ಸಣ್ಣ ಕಬ್ಬಿಣದ ಲೇಪ ಕೂತು ತಗ್ಗುಗಳನ್ನೆಲ್ಲ ಅಳಿಸಿಬಿಡುತ್ತದೆ. ಮಣ್ಣು ಜಾರುತ್ತಲೇ ಇರುವ ಕಡಿದಾದ ಇಳಿಜಾರು, ಹೊಸ ಪುಟ್ಟ ಕುಳಿ, ಇಂಥ ಕಡೆ ಹುಡುಕಿ. ಕೋಪರ್ನಿಕಸ್ ನಡುಗುಡ್ಡದಲ್ಲಿ 1ರ ಹತ್ತಿರ ಅಗಲ ತಗ್ಗು, 2ರಲ್ಲಿ ಖಾಲಿ. ಗೋಡೆಗೆ ಬಂದರೆ 2ರ ತಗ್ಗು ಕಾಣಿಸಿಕೊಳ್ಳುತ್ತದೆ, ಪೈರಾಕ್ಸೀನ್. ಒಂದೇ ಕುಳಿ, ಎರಡು ಆಳದ ಕಲ್ಲು.

ಮಂಗಳಕ್ಕೆ ಹೋಗುವವರಿಗೆ

ಜೆಝೆರೊ ಕುಳಿ ತಗೊಳ್ಳಿ. 45 ಕಿ.ಮೀ. ಅಗಲ. 2021ರ ಫೆಬ್ರವರಿ 18ರಂದು ನಾಸಾದ ಪರ್ಸಿವಿಯರೆನ್ಸ್ ರೋವರ್ ಇಳಿದ ಜಾಗ. ಅದನ್ನು ಆರಿಸಿದ್ದಕ್ಕೆ ದೊಡ್ಡ ಕಾರಣವೇ ಕಕ್ಷೆಯಿಂದ ಕಂಡ ನದಿ ಮುಖಜ ಭೂಮಿ, ಜೇಡಿ ಮತ್ತು ಕಾರ್ಬೊನೇಟ್. ಕಂಡದ್ದು ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್‌ನ ಕ್ರಿಸಂ ಉಪಕರಣಕ್ಕೆ, 0.36ರಿಂದ 3.92 ಮೈಕ್ರಾನ್, 544 ಚಾನೆಲ್, ಒಂದು ಪಿಕ್ಸೆಲ್ ಸುಮಾರು 18 ಮೀಟರ್. ಹೊಸಬರು ಎಂಟಿಆರ್‌ಡಿಆರ್ ಅಂತ ಹೆಸರಿರುವ ಶುದ್ಧ ಮಾಡಿದ ಫೈಲನ್ನೇ ಇಳಿಸಿ. ಕಚ್ಚಾ ಫೈಲ್ ಆದರೆ 2 ಮೈಕ್ರಾನ್ ಹತ್ತಿರ ಮಂಗಳದ ಗಾಳಿಯ ಇಂಗಾಲದ ಡೈಆಕ್ಸೈಡ್ ಮೂರು ತಗ್ಗು ಹಾಕಿ ಕೂತಿರುತ್ತದೆ.

ಇಲ್ಲಿ ಧೂಳಿನ ಕಾಟಕ್ಕೆ ಒಂದು ಉಪಾಯ ಇದೆ. ನಿಮಗೆ ಬೇಕಾದ ಜಾಗದ ಸ್ಪೆಕ್ಟ್ರಮ್ಮನ್ನು ಅದೇ ಚಿತ್ರದ, ಆದಷ್ಟೂ ಅದೇ ಕಾಲಂನ, ಬರೀ ಧೂಳು ಇರುವ ಸಪ್ಪೆ ಜಾಗದ ಸ್ಪೆಕ್ಟ್ರಮ್ಮಿನಿಂದ ಭಾಗಿಸಿ. ಎರಡರಲ್ಲೂ ಇರುವ ಧೂಳು, ಗಾಳಿ, ಯಂತ್ರದ ದೋಷ ಹೊಡೆದುಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಸಪ್ಪೆ ಅಂತ ನೀವು ಆರಿಸಿದ ಜಾಗದಲ್ಲೇ ಯಾವುದಾದರೂ ಖನಿಜ ಇದ್ದರೆ ಉತ್ತರದಲ್ಲಿ ತಗ್ಗಿನ ಬದಲು ದಿಬ್ಬ ಬರುತ್ತದೆ. ಅದಕ್ಕೇ ಎರಡು ಮೂರು ಸಪ್ಪೆ ಜಾಗ ಹಾಕಿ ನೋಡಿ, ಪ್ರತಿ ಸಲವೂ ಉಳಿಯುವ ತಗ್ಗನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಇನ್ನೊಂದು ಬಲೆ. ಕ್ರಿಸಂ ಚಿತ್ರಗಳಲ್ಲಿ 1.9 ಮತ್ತು 2.1ರಲ್ಲಿ ಒಂದೆರಡು ಪಿಕ್ಸೆಲ್‌ಗಳಲ್ಲಿ ಸುಳ್ಳು ತಗ್ಗು ಹುಟ್ಟುತ್ತವೆ. ಅದು ನೋಡಲು ಪರ್ಕ್ಲೋರೇಟ್ ಉಪ್ಪಿನ ಥರವೇ ಇರುತ್ತದೆ, ದೊಡ್ಡ ದೊಡ್ಡವರೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಚಿತ್ರ ಶುದ್ಧ ಮಾಡುವ ಪ್ರೋಗ್ರಾಂನಿಂದ ಆಗುವ ದೋಷ ಇದು ಅಂತ 2018ರಲ್ಲಿ ಗೊತ್ತಾಯಿತು. ಒಂಟಿ ಪಿಕ್ಸೆಲ್‌ನಲ್ಲಿ ಸಿಕ್ಕಿದ್ದು ಸಿಕ್ಕಿದ್ದಲ್ಲ. ನೆಲದ ಮೇಲೆ ಒಂದು ಆಕಾರಕ್ಕೆ, ಒಂದು ಪದರಕ್ಕೆ ಹೊಂದಿಕೊಂಡು ಗುಂಪಾಗಿ ಕಾಣಬೇಕು.

ಆಮೇಲೆ ಆ ಮೂರು ಪ್ರಶ್ನೆಗೆ ಬನ್ನಿ. ಜೇಡಿ ನಡುಗುಡ್ಡದ ಬಂಡೆಯಲ್ಲೇ ಇದೆಯೇ? ಆಳದಲ್ಲಿ ಮೊದಲೇ ಇದ್ದದ್ದನ್ನು ಕುಳಿ ಎತ್ತಿರಬಹುದು, ಇಲ್ಲಾ ಹೊಡೆತದ ನಂತರ ಬಿಸಿನೀರು ಹರಿದು ಆಗಿರಬಹುದು. ಬಿರುಕುಗಳಲ್ಲಿ, ಕರಗಿದ ಕಲ್ಲಿನ ಅಂಚಿನಲ್ಲಿ ಮಾತ್ರ ಇದ್ದರೆ ಬಿಸಿನೀರಿನ ಕಡೆ ವಾಲಿ. ಅಕ್ಕಪಕ್ಕದ ಸಣ್ಣ ಕುಳಿಗಳ ಅಂಚಿನಲ್ಲೂ ಅದೇ ಜೇಡಿ ಇದ್ದರೆ ಅದು ಆ ಪ್ರದೇಶದ ಹಳೆ ಪದರ. ನದಿ ಸುರಿದ ಬೀಸಣಿಗೆ ಆಕಾರದಲ್ಲಿ ಇದ್ದರೆ, ಜೆಝೆರೊದಲ್ಲಿ ಇರುವ ಹಾಗೆ, ಅದರಲ್ಲಿ ಕುಳಿಯ ಹೊರಗಿನಿಂದ ಹರಿದು ಬಂದದ್ದೂ ಸೇರಿರುತ್ತದೆ.

ಕೈಗೆ ಸಿಗುವ ಕುಳಿಗಳು

ನಮ್ಮ ದೇಶದಲ್ಲೇ ಲೋಣಾರ್ ಇದೆ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆ, ಸುಮಾರು 1.8 ಕಿ.ಮೀ. ಅಗಲ. ಡೆಕ್ಕನ್ ಬಸಾಲ್ಟ್ ಮೇಲೆ ಬಿದ್ದ ಕುಳಿಯಾದ್ದರಿಂದ ಚಂದ್ರ, ಮಂಗಳಕ್ಕೆ ಹೋಲಿಸಲು ಬಹಳ ಬೆಲೆ. ಮ್ಯಾಸ್ಕೆಲಿನೈಟ್ ಅಲ್ಲಿ ಸಿಕ್ಕಿದೆ, ಬಿಸಿನೀರಿನಿಂದ ಆದ ಜೇಡಿ ಖನಿಜಗಳೂ ಸಿಕ್ಕಿವೆ. ಆದರೆ ಅದು ವನ್ಯಜೀವಿ ಧಾಮ, ಕಲ್ಲು ಎತ್ತಿಕೊಂಡು ಬರುವಂತಿಲ್ಲ. ನೋಡಿ ಬನ್ನಿ, ಅಳತೆ ಬೇಕಾದರೆ ಅನುಮತಿ ಇರುವ ಸಂಶೋಧಕರ ಜೊತೆ ಹೋಗಿ.

ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಇನ್ನೊಂದು, ಸುಮಾರು 11 ಕಿ.ಮೀ., ತುಂಬಾ ಹಳೆಯದು, ಸವೆದು ಹೋಗಿದೆ. ಅಲ್ಲಿ ನೆಲ ಗ್ರಾನೈಟ್ ಜಾತಿಯದು, ನಮ್ಮ ಕೊಪ್ಪಳ, ರಾಯಚೂರಿನ ಬಂಡೆಗಳ ಥರ. ಇಲ್ಲಿ ಇಷ್ಟು ಹೊತ್ತು ಹೇಳಿದ ವಿಧಾನ ಸೋಲುತ್ತದೆ. ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಎರಡೂ 2.5 ಮೈಕ್ರಾನ್ ಒಳಗೆ ಹೆಚ್ಚುಕಡಿಮೆ ಬಾಯಿಯೇ ಬಿಡುವುದಿಲ್ಲ, ಬೇಕಾದರೆ ಕುಷ್ಟಗಿ ಗ್ರಾನೈಟ್ ಇಟ್ಟು ನೋಡಿ. ಅವುಗಳಿಗೆ 8ರಿಂದ 12 ಮೈಕ್ರಾನ್‌ನ ಶಾಖದ ಕಿರಣ ಬೇಕು, ಇಲ್ಲವೇ ಲೇಸರ್ ಹಾಯಿಸುವ ರಾಮನ್ ವಿಧಾನ. ರಾಮನ್‌ನಲ್ಲಿ (ಇಲ್ಲಿನ ಅಂಕಿ ನ್ಯಾನೊಮೀಟರ್ ಅಲ್ಲ, ಪ್ರತಿ ಸೆಂ.ಮೀ. ಲೆಕ್ಕದ್ದು) ಕ್ವಾರ್ಟ್ಸ್‌ನ ಮುಖ್ಯ ಗೆರೆ 464ರಲ್ಲಿ, ಭಾರೀ ಒತ್ತಡದಲ್ಲಿ ಹುಟ್ಟುವ ಕೋಸೈಟ್‌ನದು 521ರಲ್ಲಿ. ಫೆಲ್ಡ್‌ಸ್ಪಾರ್‌ನ ಗೆರೆಯೂ 505ರಿಂದ 515ರ ನಡುವೆ ಇರುವುದರಿಂದ ಅದನ್ನೇ ಕೋಸೈಟ್ ಅಂದುಕೊಳ್ಳದ ಹಾಗೆ ಯಂತ್ರವನ್ನು ಮೊದಲು ಸಿಲಿಕಾನ್ ತುಂಡಿನ 520.5ರ ಗೆರೆಗೆ ಸರಿ ಹೊಂದಿಸಿ. ಪರ್ಸಿವಿಯರೆನ್ಸ್‌ನ ಸೂಪರ್‌ಕ್ಯಾಮ್, ಶೆರ್ಲಾಕ್ ಎರಡರಲ್ಲೂ ರಾಮನ್ ಇದೆ. ನಮ್ಮ ಚಂದ್ರಯಾನ-3ರ ಪ್ರಜ್ಞಾನ್‌ನಲ್ಲಿ ಇದ್ದದ್ದು ಲೇಸರ್‌ನಿಂದ ಕಲ್ಲನ್ನು ಸುಟ್ಟು ಆವಿಯ ಬೆಳಕು ನೋಡುವ ಲಿಬ್ಸ್ ಮತ್ತು ಎಕ್ಸ್-ರೇ ನೋಡುವ ಎಪಿಎಕ್ಸ್‌ಎಸ್. ಇವೆರಡೂ ಕೊಡುವುದು ಮೂಲವಸ್ತುಗಳ ಪಟ್ಟಿ, ಖನಿಜದ ಹೆಸರಲ್ಲ. ಗಂಧಕ ಸಿಕ್ಕಿತು ಅಂದರೆ ಅದು ಯಾವ ಖನಿಜದ ಗಂಧಕ ಅನ್ನುವುದು ಬೇರೆ ಪ್ರಶ್ನೆ.

ಬರೆದಿಡುವ ವಿಚಾರ ಒಂದು ಉಳಿಯಿತು. ಪ್ರತಿ ಗ್ರಾಫ್ ಜೊತೆ ಫೈಲಿನ ಪೂರ್ತಿ ಹೆಸರು, ಪಿಕ್ಸೆಲ್‌ನ ಸಾಲು ಮತ್ತು ಕಾಲಂ, ಯಾವ ಸಪ್ಪೆ ಜಾಗದಿಂದ ಭಾಗಿಸಿದ್ದೀರಿ, ದಡ ಎಲ್ಲಿಂದ ಎಲ್ಲಿಗೆ ಎಳೆದಿದ್ದೀರಿ, ಇವಿಷ್ಟನ್ನೂ ಅದೇ ಹಾಳೆಯಲ್ಲಿ ಹಾಕಿ. ಕಲ್ಲಿನ ಅಳತೆಯಾದರೆ ಒದ್ದೆಯೋ ಒಣಗಿದ್ದೋ, ಒಡೆದ ಮುಖವೋ ಧೂಳಿನ ಮುಖವೋ, ಯಾವ ದೀಪ, ಬಿಳಿ ಟೇಪಿನ ಫೋಟೋ ಎಷ್ಟು ಹೊತ್ತಿಗೆ ತೆಗೆದದ್ದು. ಬೇರೆಯವರು ನಿಮ್ಮ ಫೈಲ್ ತೆರೆದು ಅದೇ ಪಿಕ್ಸೆಲ್ ಮೇಲೆ ಕ್ಲಿಕ್ ಮಾಡಿದರೆ ಅದೇ ತಗ್ಗು ಬರಬೇಕು.